ಕೆರೆಯಂಗಳದ ಕುಣಿ, ಗಾಜಿನ ತೊಟ್ಟಿಯ ಮರಳು

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕೆರೆಯಂಗಳಗಳಲ್ಲಿ ತಟ್ಟೆಯಗಲದ ದುಂಡು ಕುಣಿಗಳು ಕಾಣಸಿಗುತ್ತವೆ. ಜನ ಜಿಲೇಬಿ ಎನ್ನುವ ತಿಲಾಪಿಯಾದ ಗಂಡುಮೀನು ತೋಡಿದ ಕುಣಿಗಳವು. ಬಾಯ್ತುಂಬ ಮರಳು, ಕೆಸರು ಎತ್ತಿ ಪಕ್ಕಕ್ಕೆ ಉಗುಳುತ್ತ ಅದು ನೆಲ ಹದ ಮಾಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಮರುಕ್ಷಣವೇ ಅವನ್ನು ಬಾಯೊಳಗೆ ತುಂಬಿಕೊಂಡು ಹೊರಟುಬಿಡುತ್ತದೆ.

ಜಿಲೇಬಿ ಈ ನೆಲದ್ದಲ್ಲ. ಆಫ್ರಿಕಾ ಮೂಲದ ಈ ಮೀನನ್ನು ಆಹಾರಕ್ಕೆಂದು ಭಾರತಕ್ಕೆ ತಂದದ್ದು 1952ರಲ್ಲಿ. ಮಿತಿಮೀರಿ ಮರಿ ಹಾಕಿ ಊರ ಮೀನುಗಳ ಪಾಲನ್ನೂ ತಿನ್ನುತ್ತದೆಂದು ಗೊತ್ತಾಗಿ, 1959ರಲ್ಲಿ ಅದನ್ನು ಹೊಸ ಕೆರೆಗಳಿಗೆ ಬಿಡಬಾರದೆಂಬ ನಿರ್ಧಾರವಾಯಿತು. ಜಿಲೇಬಿ ಅದಕ್ಕೇನೂ ಕಾಯಲಿಲ್ಲ, ಕೆರೆಯಿಂದ ಕೆರೆಗೆ ಕೋಡಿ ಹರಿದು ಹಬ್ಬಿತು.

ಜಿಲೇಬಿ ಸೇರಿದ ಸಿಕ್ಲಿಡ್ ಎಂಬ ಮೀನಿನ ಕುಟುಂಬದ ಇನ್ನೊಬ್ಬ ನೆಂಟ ಡಿಸ್ಕಸ್. ಮೈ ಚಪ್ಪಟೆ, ದುಂಡಗೆ. ಬೆಲೆ ಮಾತ್ರ ಜಿಲೇಬಿಗಿಂತ ಎಷ್ಟೋ ಪಾಲು ಹೆಚ್ಚು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರಿಟ್ಟು ಅದು ಚಾಮರಾಜನಗರವಾದ 1818ರಲ್ಲಿ, ಆಸ್ಟ್ರಿಯಾದ ಯೋಹಾನ್ ನಾಟರರ್ ಬ್ರೆಜಿಲ್‌ನಲ್ಲಿ ಪ್ರಾಣಿಪಕ್ಷಿಗಳನ್ನು ಸಂಗ್ರಹಿಸುತ್ತ ತಿರುಗುತ್ತಿದ್ದ. 18 ವರ್ಷ ಅಲ್ಲೇ ಕಳೆದ ಅವನು ರಿಯೊ ನೀಗ್ರೊ ನದಿಯಲ್ಲಿ ಹಿಡಿದ ಮೀನನ್ನು 1840ರಲ್ಲಿ ವಿಯೆನ್ನಾದ ಯೋಹಾನ್ ಯಾಕೋಬ್ ಹೆಕೆಲ್ ಸಿಂಫಿಸೋಡಾನ್ ಡಿಸ್ಕಸ್ ಎಂದು ಹೆಸರಿಸಿದ. ಅಕ್ವೇರಿಯಂ ವ್ಯಾಪಾರಕ್ಕೆ ಅದು ಬಂದದ್ದು 1930ರ ದಶಕದಲ್ಲಿ.

ಡಿಸ್ಕಸ್‌ಗೆ ಕರ್ನಾಟಕದಲ್ಲಿ ದೂರದ ಬಳಗವೂ ಇದೆ. ದಕ್ಷಿಣ ಕನ್ನಡದ ಹೊಳೆಗಳಲ್ಲಿರುವ ಎಟ್ರೋಪ್ಲಸ್ ಕನಾರೆನ್ಸಿಸ್ ಎಂಬ ಸಿಕ್ಲಿಡ್ ಅನ್ನು ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ. ಹೆಸರಿನಲ್ಲೇ ಕೆನರಾ ಇದೆ. ಡಿಸ್ಕಸ್ ಮರಿಗಳು ತಾಯಿತಂದೆಯರ ಮೈಲೋಳೆಯನ್ನು ಕಿತ್ತು ತಿಂದು ಬೆಳೆಯುವುದನ್ನು 1959ರಲ್ಲಿ ವಿಜ್ಞಾನಿ ಹಿಲ್ಡೆಮನ್ ಬರೆದಾಗ ಲೋಕ ಬೆರಗಾಯಿತು. ದಕ್ಷಿಣ ಭಾರತ, ಶ್ರೀಲಂಕಾಗಳ ಕಿತ್ತಳೆ ಕ್ರೋಮೈಡ್ ಎಂಬ ಸಿಕ್ಲಿಡ್‌ನ ಮರಿಗಳೂ ಹೆತ್ತವರ ಮೈಗೆ ಬಾಯಿ ತಾಗಿಸಿ ಮೇಯುತ್ತವೆಂದು 1960ರ ದಶಕದಲ್ಲಿ ವಾರ್ಡ್ ಮತ್ತು ಬಾರ್ಲೊ ತೋರಿಸಿದರು.

ಮೀನು ಸಾಕುವ ಗಾಜಿನ ತೊಟ್ಟಿಗೆ ಮರಳಿನ ತಳ ಮೊದಲಿನಿಂದಲೂ ಇತ್ತು. 1850ರ ಸುಮಾರಿಗೆ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು ನೋಡಿದಾಗ ಕೆಳಗೆ ಮರಳು, ಕೆಸರು, ಕಲ್ಲು ಹಾಸಿದ್ದ. ಆ ತಳವನ್ನು ಕಿತ್ತು ಹಾಕಿದವರು ಡಿಸ್ಕಸ್ ಮರಿ ಮಾಡಿಸುವವರು. ಪೆನಾಂಗ್, ಬ್ಯಾಂಕಾಕ್, ಸಿಂಗಪುರದ ಸಾಕಣೆದಾರರು ದಿನಕ್ಕೆ ಹಲವು ಸಲ ದನದ ಗುಂಡಿಗೆಯ ಮಾಂಸ ತಿನ್ನಿಸಿ, ನೀರು ಬದಲಿಸುತ್ತಿದ್ದರು. ತಿಂದುಳಿದದ್ದು ಮರಳಿನಲ್ಲಿ ಸೇರಿ ಕೊಳೆತರೆ ಅಮೋನಿಯಾ ಏರಿ ಮರಿಗಳು ಸಾಯುತ್ತವೆ. ಹಾಗಾಗಿ ಬರಿಗಾಜಿನ ತಳವೇ ಕಸುಬಿನ ರೂಢಿಯಾಯಿತು. ಚೆನ್ನೈನ ಕೊಳತ್ತೂರಿನಂಥ ಪೇಟೆಗಳಿಂದ ಮೀನು ಕೊಂಡ ಹವ್ಯಾಸಿಗಳ ಮನೆಗೂ ಅದೇ ರೂಢಿ ಬಂತು.

ಈಗ ಅನೇಕರು ಮತ್ತೆ ಮರಳಿನತ್ತ ಹೊರಳಿದ್ದಾರೆ. ಡಿಸ್ಕಸ್ ಜಿಲೇಬಿಯಂತೆ ತೋಡುವುದಿಲ್ಲ. ಬಾಯಿಂದ ನೀರು ಚಿಮ್ಮಿಸಿ ಮರಳು ಹಾರಿಸಿ ತುಣುಕು ಹೆಕ್ಕುತ್ತದೆ. ಬಣ್ಣದ ಲೆಕ್ಕವೂ ಉಂಟು. 1990ರ ದಶಕದ ಆರಂಭದಲ್ಲಿ ಥಾಯ್ಲೆಂಡಿನಿಂದ ಬಂದ ಪಿಜನ್ ಬ್ಲಡ್ ತಳಿಗೆ ಕಪ್ಪು ತಳದ ಮೇಲೆ ಕರಿಚುಕ್ಕೆ ಹೆಚ್ಚುವುದರಿಂದ ತಿಳಿಬಣ್ಣದ ಮರಳನ್ನೇ ಹುಡುಕುತ್ತಾರೆ. ಎರಡು ಮೂರು ಸೆಂಟಿಮೀಟರ್ ತೆಳುವಾಗಿ ಹರಡಿ, ಮೇಲೆ ಕೂತ ಕಸವನ್ನು ಪೈಪಿನಿಂದ ಹೀರಿ ತೆಗೆದರೆ ಕೊಳೆಯುವ ಭಯ ಕಡಿಮೆ. ತೊಟ್ಟಿಗೆ ತಳ ಹಾಕುವಾಗ ಫಿಲ್ಟರ್ ಮುಟ್ಟಬಾರದು, ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲಿ.

ಆದರೆ ಮರಳು ಎಲ್ಲಿಯದು? ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಹುಟ್ಟಿ ನಂಜನಗೂಡಿನಲ್ಲಿ ಕಬಿನಿ ಸೇರುವ ಗುಂಡ್ಲು ಹೊಳೆ ವರ್ಷದ ಹೆಚ್ಚು ಕಾಲ ಒಣಗಿರುತ್ತದೆ. ಕಾವೇರಿಯ ಮರಳು ಕೊಳ್ಳೇಗಾಲದ ಕಡೆಯದು. 2012ರಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರ್‌ಗಿಂತ ಕಿರಿದಾದ ಗಣಿಗೂ ಪರಿಸರ ಅನುಮತಿ ಬೇಕೆಂದ ಮೇಲೆ ಹೊಳೆ ಮರಳಿನ ದಾರಿ ಬಿಗಿಯಾಯಿತು. ಕಟ್ಟಡಕ್ಕೆ ಸಿಗುವ ಎಂ-ಸ್ಯಾಂಡ್ ತೊಟ್ಟಿಗೆ ಒಗ್ಗದು. ಕ್ರಷರ್‌ನಲ್ಲಿ ಒಡೆದ ಕಣಗಳ ಅಂಚು ಚೂಪು, ಧೂಳು ತೊಳೆದಷ್ಟೂ ಬಿಡುತ್ತಲೇ ಇರುತ್ತದೆ. ಸುಣ್ಣಕಲ್ಲಿನ ಚೂರು ಬೆರೆತ ಮರಳಾದರೆ ಇನ್ನೂ ಕಷ್ಟ. ಡಿಸ್ಕಸ್‌ಗೆ ಬೇಕಾದದ್ದು 28ರಿಂದ 30 ಡಿಗ್ರಿಯ ಮೆದು ನೀರು. ಗಡುಸಾದ ಬೋರ್‌ವೆಲ್ ನೀರಿಗೆ ಸುಣ್ಣ ಕೂಡಿದರೆ ಗಡಸು ಇನ್ನೂ ಏರುತ್ತದೆ. ಒಂದು ಹಿಡಿ ಮರಳಿನ ಮೇಲೆ ವಿನೆಗರ್ ಸುರಿದಾಗ ಗುಳ್ಳೆ ಎದ್ದರೆ ಸುಣ್ಣವಿದೆ ಎಂದರ್ಥ.

ಹಾಗೆಂದು ಬರಿಗಾಜಿನ ತಳ ಪೂರಾ ಹೋಗಿಲ್ಲ. ನಡುಮನೆಯ ತೊಟ್ಟಿಯಲ್ಲಿ ಮರಳು ಹಾಸಿದವರೇ ಮರಿ ಮಾಡಿಸುವ ತೊಟ್ಟಿಯನ್ನು ಬರಿದಾಗಿಡುತ್ತಾರೆ. ಡಿಸ್ಕಸ್ ಜೋಡಿಗೆ ಮೊಟ್ಟೆ ಅಂಟಿಸಲು ಬೇಕಾದದ್ದು ನೆಟ್ಟಗೆ ನಿಂತ ಮೈ. ಅದಕ್ಕೆ ಒಂದು ಮಣ್ಣಿನ ಶಂಕು ಇಟ್ಟರೆ ಸಾಕು.