ಶ್ರೀರಂಗಪಟ್ಟಣದ ಮಿಷನ್ನೂ ಕನ್ನಡವೂ

ಮಲ್ಕಾಜ್‌ಗಿರಿಯಿಂದ ಸಿಕಂದರಾಬಾದಿನ ಕಡೆ ಓಡಾಡುವ ನಮಗೆಲ್ಲ ಸೇಂಟ್ ಮೇರಿ ಚರ್ಚು ಪರಿಚಿತವೇ. 1850ರಲ್ಲಿ ಕಟ್ಟಿ ಮುಗಿಸಿದ ಈ ಚರ್ಚು ಬ್ರಿಟಿಷರ ದಂಡಿನ ಊರಿನಲ್ಲಿ ಎದ್ದದ್ದು. ಇದನ್ನು ನೋಡಿದಾಗಲೆಲ್ಲ, ಮಿಷನ್ನು ಎಂದರೆ ಸೈನ್ಯದ ಬೆನ್ನ ಹಿಂದೆ ಬಂದದ್ದು ಎಂದು ನಾವು ಸಹಜವಾಗಿಯೇ ಭಾವಿಸುತ್ತೇವೆ.

ಅನೇಕ ಕಡೆ ಇದು ನಿಜವೂ ಹೌದು. ಸ್ಪೇನ್ ದೇಶದ ಆಳ್ವಿಕೆಯಲ್ಲಿದ್ದ ಅಮೆರಿಕವೇ ಇದಕ್ಕೆ ದೊಡ್ಡ ನಿದರ್ಶನ. ಕ್ಯಾಲಿಫೋರ್ನಿಯಾದಲ್ಲಿ 1769ರಿಂದ 1823ರವರೆಗೆ ಫ್ರಾನ್ಸಿಸ್ಕನ್ ಪಾದ್ರಿಗಳು 21 ಮಿಷನ್ನುಗಳನ್ನು ಸ್ಥಾಪಿಸಿದರು. ಅವುಗಳ ರಕ್ಷಣೆಗೆ ಸೈನಿಕ ಠಾಣ್ಯಗಳಿದ್ದವು. ದೀಕ್ಷೆ ಪಡೆದ ಮೂಲನಿವಾಸಿಗಳು ಮಿಷನ್ನಿನಲ್ಲೇ ಇದ್ದು ದುಡಿಯಬೇಕಾಗಿತ್ತು. ಅಪ್ಪಣೆಯಿಲ್ಲದೆ ಹೊರಟವರನ್ನು ಸಿಪಾಯಿಗಳು ಹಿಡಿದು ತರುತ್ತಿದ್ದರು. ಹೊಸ ರೋಗಗಳಿಗೆ ಸಾವಿರಾರು ಜನ ಬಲಿಯಾದರು. ಅವರ ಭಾಷೆಗಳಲ್ಲಿ ಹಲವು ಇಂದು ಆಡುವವರಿಲ್ಲದೆ ಅಳಿದುಹೋಗಿವೆ.

ನಮ್ಮ ನೆರೆಯ ಗೋವೆಯನ್ನೇ ನೋಡೋಣ. 1510ರಲ್ಲಿ ಅದು ಪೋರ್ಚುಗೀಸರ ವಶವಾಯಿತು. ಕೊಂಕಣಿ ಕಲಿತ ಪಾದ್ರಿಗಳು ಅಲ್ಲಿಯೂ ಇದ್ದರು. ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಆದರೆ 1684ರಲ್ಲಿ ಬಂದ ಸರ್ಕಾರಿ ಆಜ್ಞೆ, ಜನರು ಮೂರು ವರ್ಷಗಳೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ವಿಧಿಸಿತು!

ಅದೇ ಗೋವೆಯಿಂದ ಹೊರಟ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ್ದು 1649ರ ಸುಮಾರಿಗೆ. ಆಗ ಅಲ್ಲಿ ಆಳುತ್ತಿದ್ದವನು ರಣಧೀರ ಕಂಠೀರವ ನರಸರಾಜ ಒಡೆಯರು. ಪಾದ್ರಿಯ ಹಿಂದೆ ಸೈನ್ಯವಿರಲಿಲ್ಲ. ಅರಸನ ಅನುಮತಿಯೂ ಜನರ ವಿಶ್ವಾಸವೂ ದೊರೆತರೆ ಮಾತ್ರ ಉಳಿವು. ಆದ್ದರಿಂದ ಆತ ಕನ್ನಡ ಕಲಿಯಬೇಕಾಯಿತು. ಕಲಿತು, ಕನ್ನಡದಲ್ಲಿ ಧರ್ಮಬೋಧೆಯ ಪುಸ್ತಕ ಬರೆದ. ವ್ಯಾಕರಣವನ್ನೂ ಶಬ್ದಕೋಶವನ್ನೂ ರಚಿಸಿದ. ಕಿಟ್ಟೆಲ್ ಕೋಶ ಅಚ್ಚಾದದ್ದು 1894ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಹಿಂದಿನ ಪ್ರಯತ್ನವೆಂದು ತಿಳಿಯುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ ನಮ್ಮವರಂತೆಯೇ ಉಡುಪು ಧರಿಸಿದ, ಮಾಂಸಾಹಾರ ತೊರೆದ, ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿ ದುಡಿದ. 1823ರಲ್ಲಿ ಸ್ವದೇಶಕ್ಕೆ ಮರಳಿದಾಗ ಮತಾಂತರದ ಕೆಲಸ ಫಲಿಸಲಿಲ್ಲವೆಂದು ಆತನೇ ಒಪ್ಪಿಕೊಂಡ.

ಮತಪ್ರಚಾರದ ಒಳಿತು ಕೆಡುಕುಗಳನ್ನು ತೂಗುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಅಧಿಕಾರ ಕೈಯಲ್ಲಿದ್ದಾಗ ಪರರ ನುಡಿಯನ್ನು ನಿಷೇಧಿಸುವ ಬುದ್ಧಿ ಬರುತ್ತದೆ. ಬರಿಗೈಯಲ್ಲಿ ಬಂದವನು ಅದನ್ನು ಕಲಿಯುತ್ತಾನೆ ಎಂಬುದಷ್ಟೇ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಅಂಶ.

ಇನ್ನೊಂದು ಮಾತು. ಗೋವೆ ಬಿಟ್ಟು ಕನ್ನಡ ಕರಾವಳಿಗೆ ವಲಸೆ ಬಂದ ಕೊಂಕಣಿಗರು ಮನೆಮಾತನ್ನು ಕಳೆದುಕೊಳ್ಳಲಿಲ್ಲ. ಕನ್ನಡವನ್ನು ಕಲಿತರು, ಕನ್ನಡ ಲಿಪಿಯಲ್ಲೇ ಕೊಂಕಣಿಯನ್ನು ಬರೆದು ಉಳಿಸಿಕೊಂಡರು. ಬರಿಗೈಯಲ್ಲಿ ಭಾಗ್ಯನಗರಕ್ಕೆ ಬಂದ ನಾವೂ ಬೀದಿಯಲ್ಲಿ ತೆಲುಗನ್ನು ಚೆನ್ನಾಗಿಯೇ ಕಲಿತಿದ್ದೇವೆ. ಆದರೆ ನಮ್ಮ ಮನೆಯಲ್ಲಿ ಕನ್ನಡವನ್ನು ಯಾವ ವೈಸರಾಯನೂ ನಿಷೇಧಿಸಿಲ್ಲ. ನಮ್ಮ ಮಕ್ಕಳು ಅದನ್ನು ಓದಲಾರದೆ ಹೋದರೆ ಆ ಆಜ್ಞೆಯನ್ನು ಹೊರಡಿಸಿದವರು ನಾವೇ ಆಗುತ್ತೇವಲ್ಲವೆ?