ಸರಪಳಿ ಬಿಚ್ಚಿದ ಮೇಲ್ವಿಚಾರಕ

ಮನೋರೋಗಿಗಳ ಸರಪಳಿ ಬಿಚ್ಚಿಸಿದ ಕೀರ್ತಿ ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್‌ಗೆ ಸಂದಿದೆ. ಆದರೆ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಅದನ್ನು ಕಳಚಿದವನು ಮೇಲ್ವಿಚಾರಕ ಜೀನ್ ಬ್ಯಾಪ್ಟಿಸ್ಟ್ ಪುಸಿನ್. ಪಿನೆಲ್ ಅಷ್ಟರಲ್ಲಿ ಬೇರೆ ಆಸ್ಪತ್ರೆಗೆ ಹೋಗಿಯಾಗಿತ್ತು.

ಪುಸಿನ್ ಅಲ್ಲಿಗೆ ಗಂಡಮಾಲೆ ರೋಗಿಯಾಗಿ ಬಂದು, ಗುಣವಾಗಿ, ನೌಕರನಾಗಿ ಉಳಿದವನು. ರೋಗಿ ಕೈಯೆತ್ತಿದರೂ ಪರಿಚಾರಕರು ತಿರುಗಿ ಹೊಡೆಯಕೂಡದೆಂಬುದು ಅವನ ಕಟ್ಟಪ್ಪಣೆ. ಪೆಟ್ಟಿನ ಭಯ ದಿನವಿಡೀ ವಾರ್ಡಿನಲ್ಲಿರುವ ಅವರದೇ. ಅಂಥ ಸಂಯಮಕ್ಕೆ ಅವನು ಗುಣಮುಖರಾದ ರೋಗಿಗಳನ್ನೇ ಹೆಚ್ಚಾಗಿ ಆರಿಸಿಕೊಂಡ. ಆ ನೋವು ಅವರಿಗೆ ಗೊತ್ತಿತ್ತು. ಉದ್ರಿಕ್ತರಿಗೆ ಬಿಗಿಯಂಗಿ ಮಾತ್ರ ಉಳಿಯಿತು.

ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಆದರೆ ಕಬ್ಬಿಣದ ಜಾಗಕ್ಕೆ ಮನುಷ್ಯರು ಬರಬೇಕು: ಸಾಕಷ್ಟು ಮಂದಿ, ತರಬೇತಿ, ವಿಶ್ರಾಂತಿ. ಇವಿಲ್ಲದೆಡೆ ತಾಳ್ಮೆಯ ಭಾರವೆಲ್ಲ ಪರಿಚಾರಕರ ಹೆಗಲಿಗೇ ಬೀಳುತ್ತದೆ.