ಕಂತಿಗೊಂದು ಕಿರೀಟ

ಗದುಗಿನ ಭಾರತದ ವಾಚನ ಕೇಳಿ ಬಂದವರನ್ನು ‘ಹೇಗಿತ್ತು?’ ಎಂದು ವಿಚಾರಿಸಿ ನೋಡಿ. ಅವರು ಇಡೀ ಭಾರತದ ಮಾತೆತ್ತುವುದಿಲ್ಲ. ಆ ಸಂಜೆ ಓದಿದ ಸಂಧಿಯ ಮಾತನ್ನಾಡುತ್ತಾರೆ. ಸಂಧಿಯು ಗ್ರಂಥದ ಭಾಗವೂ ಹೌದು, ತನ್ನಷ್ಟಕ್ಕೆ ತಾನೊಂದು ಕೃತಿಯೂ ಹೌದು. ಟೆಲಿವಿಷನ್ ಧಾರಾವಾಹಿಯ ಕಂತಿಗೂ ಇದೇ ಎರಡು ಮುಖ. ಅಮೆರಿಕದಲ್ಲಿ ಬಿಡಿ ಕಂತುಗಳಿಗೆ ಪ್ರಶಸ್ತಿ ಕೊಡುವ ಪದ್ಧತಿ ಬೆಳೆದ ಬಗೆಯನ್ನು ಗಮನಿಸಿದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಕಂತಿಗೆ ಕಿರೀಟವೇನೋ ಸಲ್ಲಲಿ, ಅದು ಯಾರ ತಲೆಯ ಮೇಲೆ ಕೂರಬೇಕು?

ಮೊದಮೊದಲು ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. 1949ರ ಜನವರಿ 25ರಂದು ಹಾಲಿವುಡ್ಡಿನ ಅಥ್ಲೆಟಿಕ್ ಕ್ಲಬ್ಬಿನಲ್ಲಿ ಎಮ್ಮಿ ಪ್ರಶಸ್ತಿಗಳ ಪ್ರಥಮ ಸಮಾರಂಭ ನಡೆಯಿತು. ಟೆಲಿವಿಷನ್ನಿಗಾಗಿಯೇ ತಯಾರಾದ ಅತ್ಯುತ್ತಮ ಚಿತ್ರವೆಂಬ ಗೌರವ ಅಂದು ಸಂದದ್ದು ‘ದಿ ನೆಕ್ಲೇಸ್’ ಎಂಬ ಕಂತಿಗೆ. ‘ಯುವರ್ ಷೋ ಟೈಮ್’ ಎಂಬ ಮಾಲೆಯಲ್ಲಿ ಅದೊಂದು ಮಣಿ, ಕಥೆ ಮೊಪಾಸಾನದು. ಎರವಲು ತಂದ ಕಂಠಹಾರವನ್ನು ಕಳೆದುಕೊಂಡ ಹೆಂಗಸಿನ ಆ ಕಥೆ ಅರ್ಥವಾಗಬೇಕಾದರೆ ಹಿಂದಿನ ವಾರವೇನಾಯಿತೆಂದು ತಿಳಿದಿರಬೇಕಾದುದಿಲ್ಲ.

1950ರ ದಶಕದಲ್ಲಿ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದ ನಾಟಕಗಳೂ ಹಾಗೆಯೇ. ಮಾಲೆಗೆ ಹೆಸರೊಂದು, ವಾರವಾರವೂ ಹೊಸ ನಾಟಕ, ಹೊಸ ಪಾತ್ರವರ್ಗ. ರಾಡ್ ಸರ್ಲಿಂಗ್ ಎಂಬ ತರುಣ ಬರೆದ ‘ಪ್ಯಾಟರ್ನ್ಸ್’ 1955ರ ಜನವರಿಯಲ್ಲಿ ಪ್ರಸಾರವಾಗಿ ಎಷ್ಟು ಮೆಚ್ಚುಗೆ ಗಳಿಸಿತೆಂದರೆ, ಮರು ತಿಂಗಳು ನಟರೆಲ್ಲ ಮತ್ತೆ ಕೂಡಿ ಅದನ್ನು ಇನ್ನೊಮ್ಮೆ ನೇರವಾಗಿ ಆಡಿತೋರಿಸಬೇಕಾಯಿತು! ಅದರ ಬರವಣಿಗೆಗೆ ಸರ್ಲಿಂಗರಿಗೆ ಎಮ್ಮಿ ಬಂದಿತು. ಮುಂದೆ ಅವರದೇ ‘ರೆಕ್ವಿಯೆಮ್ ಫಾರ್ ಎ ಹೆವಿವೆಯ್ಟ್’ ವರ್ಷದ ಅತ್ಯುತ್ತಮ ಬಿಡಿ ಕಾರ್ಯಕ್ರಮವೆನಿಸಿತು. ಇಲ್ಲಿ ಕಂತೆಂದರೆ ನಾಟಕ, ನಾಟಕಕ್ಕೊಬ್ಬ ನಾಟಕಕಾರ. ತಕರಾರಿಲ್ಲ.

ತಕರಾರು ಹುಟ್ಟಿದ್ದು, ಅವೇ ಪಾತ್ರಗಳು ವಾರವಾರವೂ ಬಂದು ಹೋಗುವ ಧಾರಾವಾಹಿಗಳು ಮೇಲಾದ ಮೇಲೆ. ವಿಜ್ಞಾನಕಥೆಗಳ ಅಭಿಮಾನಿಗಳು ಮತ ಹಾಕಿ ಕೊಡುವ ಹ್ಯೂಗೋ ಪ್ರಶಸ್ತಿಯನ್ನು ನೋಡೋಣ. ಸರ್ಲಿಂಗರ ‘ಟ್ವಿಲೈಟ್ ಝೋನ್’ 1960ರಿಂದ ಮೂರು ವರ್ಷ ಸಾಲಾಗಿ ಇಡೀ ಮಾಲೆಯಾಗಿಯೇ ಅದನ್ನು ಗೆದ್ದಿತು. 1968ರ ಹೊತ್ತಿಗೆ ಸ್ಪರ್ಧೆಯಲ್ಲಿದ್ದ ಐದಕ್ಕೆ ಐದೂ ಬಿಡಿ ಕಂತುಗಳು. ಐದೂ ‘ಸ್ಟಾರ್ ಟ್ರೆಕ್’ನವು. ಗೆದ್ದದ್ದು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’.

ಇದರ ಲೇಖಕ ಹಾರ್ಲನ್ ಎಲಿಸನ್, ಮಹಾ ಮುಂಗೋಪಿ. ಕಥೆ 1930ರ ನ್ಯೂಯಾರ್ಕಿನಲ್ಲಿ ನಡೆಯುತ್ತದೆ. ಕಾಲದಲ್ಲಿ ಹಿಂದಕ್ಕೆ ಹೋದ ನಾಯಕ ಕರ್ಕ್ ಅಲ್ಲಿ ಒಬ್ಬ ಸಾಧ್ವಿಯನ್ನು ಪ್ರೀತಿಸುತ್ತಾನೆ. ಆದರೆ ಅವಳು ಸಾಯದೆ ಉಳಿದರೆ ಲೋಕದ ಇತಿಹಾಸವೇ ಕೆಟ್ಟುಹೋಗುತ್ತದೆ. ಎಲಿಸನ್ ಬರೆದಂತೆ, ಆ ಗಳಿಗೆಯಲ್ಲಿ ನಾಯಕ ಸೋಲುತ್ತಾನೆ. ಅವಳನ್ನು ಸಾಯಗೊಡುವುದು ಅವನಿಂದಾಗದು, ಆ ಕಠಿಣ ಕಾರ್ಯ ಸಂಗಡಿಗ ಸ್ಪಾಕ್‌ನ ಪಾಲಿಗೆ ಬೀಳುತ್ತದೆ. ನಿರ್ಮಾಪಕರಿಗೆ ಇದು ಒಪ್ಪಿಗೆಯಾಗಲಿಲ್ಲ. ತಮ್ಮ ನಾಯಕ ಹಾಗೆ ಕುಸಿಯತಕ್ಕವನಲ್ಲ. ಮೇಲಾಗಿ ಖರ್ಚೂ ಹೆಚ್ಚು. ಹಸ್ತಪ್ರತಿ ಹಲವರ ಕೈ ದಾಟಿತು; ದೊರತಿ ಫಾಂಟಾನಾ ಎಂಬ ಲೇಖಕಿಯ ತಿದ್ದುಪಡಿಯಂತೂ ಗಣನೀಯವಾದುದು. 1967ರ ಏಪ್ರಿಲಿನಲ್ಲಿ ಪ್ರಸಾರವಾದ ಕಂತಿನಲ್ಲಿ, ಅವಳನ್ನು ಉಳಿಸಲು ಓಡುವ ವೈದ್ಯ ಮಿತ್ರನನ್ನು ಕರ್ಕ್ ತಾನೇ ತಬ್ಬಿ ತಡೆಯುತ್ತಾನೆ.

ಎಲಿಸನ್ ಕೆರಳಿದರು. ತಮ್ಮ ಹೆಸರನ್ನು ತೆಗೆದು ಹುಸಿಹೆಸರು ಹಾಕಿರೆಂದರು; ಅದು ನಡೆಯಲಿಲ್ಲ. ಆಗ ಅವರು ಮಾಡಿದ ಕೆಲಸ ಚತುರತೆಯದು: ತಿದ್ದದ ತಮ್ಮ ಮೂಲ ಪ್ರತಿಯನ್ನೇ ಚಿತ್ರಲೇಖಕರ ಸಂಘದ ಪ್ರಶಸ್ತಿಗೆ ಒಪ್ಪಿಸಿದರು. ಗೆದ್ದೂ ಗೆದ್ದರು! ಒಂದೇ ಹೆಸರಿನ ಕಂತಿಗೆ ಎರಡು ಪ್ರಶಸ್ತಿ: ಅಭಿಮಾನಿಗಳು ಮೆಚ್ಚಿದ್ದು ತೆರೆಯ ಮೇಲೆ ಕಂಡುದನ್ನು, ಸಂಘದವರು ಮೆಚ್ಚಿದ್ದು ಯಾರೂ ತೆರೆಯ ಮೇಲೆ ಕಾಣದುದನ್ನು. ಎರಡು ತೀರ್ಪೂ ಸರಿಯೆಂದೇ ನನ್ನ ಮತ. ನನಗೆ ಮರುಕವಾಗುವುದು ಫಾಂಟಾನಾರನ್ನು ನೆನೆದಾಗ. ಕಂತಿನ ಲೇಖಕರೆಂದು ತೆರೆಯ ಮೇಲೆ ಮೂಡಿದ್ದು ಎಲಿಸನ್ನರ ಹೆಸರೊಂದೇ.

ಈಚಿನ ವ್ಯವಸ್ಥೆ ಹೆಚ್ಚು ಅಚ್ಚುಕಟ್ಟಾದುದು. ಎಮ್ಮಿಯಲ್ಲಿ ನಾಟಕ ಧಾರಾವಾಹಿಗಳ ಬರವಣಿಗೆಗೂ ನಿರ್ದೇಶನಕ್ಕೂ ಪ್ರಶಸ್ತಿ ಕಂತಿನ ಲೆಕ್ಕದಲ್ಲೇ. ನಟನಟಿಯರೂ ತಮ್ಮ ಒಂದು ಕಂತನ್ನಾರಿಸಿ ತೀರ್ಪುಗಾರರ ಮುಂದಿಡುತ್ತಾರೆ. ಹ್ಯೂಗೋದವರು 2003ರಿಂದ ದೀರ್ಘ, ಹ್ರಸ್ವ ಎಂದು ಎರಡು ವಿಭಾಗ ಮಾಡಿಕೊಂಡರು. ‘ಗೇಮ್ ಆಫ್ ಥ್ರೋನ್ಸ್’ 2012ರಲ್ಲಿ ಇಡೀ ಮೊದಲ ಋತುವಿಗಾಗಿ ದೀರ್ಘ ವಿಭಾಗದಲ್ಲೂ, ಮರುವರ್ಷ ‘ಬ್ಲ್ಯಾಕ್‌ವಾಟರ್’ ಎಂಬ ಒಂದೇ ಕಂತಿಗಾಗಿ ಹ್ರಸ್ವ ವಿಭಾಗದಲ್ಲೂ ಗೆದ್ದಿತು.

ಆದರೆ ಕಂತೇ ಮೊಪಾಸಾನ ಕಾಲದ ಕಂತಲ್ಲ. ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ಒಟ್ಟು 62 ಕಂತುಗಳಲ್ಲಿ ‘ಓಝಿಮ್ಯಾಂಡಿಯಸ್’ 60ನೆಯದು. ಹಿಂದಿನ 59ನ್ನು ನೋಡದವನಿಗೆ ಅದರ ದುಃಖ ತಲೆಬುಡ ತಿಳಿಯದು. 2014ರಲ್ಲಿ ಬರವಣಿಗೆಯ ಎಮ್ಮಿಗೆ ಅದರೊಂದಿಗೆ ಸ್ಪರ್ಧೆಯಲ್ಲಿದ್ದುದು ಅದೇ ಧಾರಾವಾಹಿಯ ಕೊನೆಯ ಕಂತು. ಬರೆದವರು ಧಾರಾವಾಹಿಯ ಜನಕರಾದ ವಿನ್ಸ್ ಗಿಲಿಗನ್. ಗೆದ್ದವರು ‘ಓಝಿಮ್ಯಾಂಡಿಯಸ್’ ಬರೆದ ಮೊಯಿರಾ ವಾಲಿ-ಬೆಕೆಟ್. ಗಿಲಿಗನ್ನರೂ ಬರಿಗೈಯಲ್ಲಿ ಮರಳಲಿಲ್ಲ. ಅತ್ಯುತ್ತಮ ನಾಟಕ ಧಾರಾವಾಹಿಯ ಎಮ್ಮಿ ಅದೇ ರಾತ್ರಿ ‘ಬ್ರೇಕಿಂಗ್ ಬ್ಯಾಡ್’ಗೇ ಸಂದಿತು.